ಸ್ವರ ಸಂಶಯ: ಜಾಜ್ ಸ್ಯಾಕ್ಸೊಫೋನ್ ಬಗ್ಗೆ ಓದುಗರು ಕೇಳಿದ್ದು

ಪ್ರಶ್ನೆ: ಮೂರು ವರ್ಷದಿಂದ ಆಲ್ಟೊ ಸ್ಯಾಕ್ಸೊಫೋನ್ ಕಲಿಯುತ್ತಿದ್ದೇನೆ. ಅಮೆರಿಕದ ಜಾಜ್ ಆಲ್ಟೊ ವಾದಕ ಚಾರ್ಲಿ ಪಾರ್ಕರ್ ಅವರ ಸೋಲೊಗಳನ್ನು (ಒಬ್ಬರೇ ಮುಂದೆ ನಿಂತು ನುಡಿಸುವ ಭಾಗ) ನೊಟೇಶನ್ ನೋಡಿ ತಪ್ಪಿಲ್ಲದೆ ನುಡಿಸುತ್ತೇನೆ. ಆದರೂ ಕೇಳಿದವರು ‘ಜಾಜ್ ಥರ ಇಲ್ಲ’ ಅನ್ನುತ್ತಾರೆ. ಕಾರಣವೇನು?
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಸ್ವರ ಸರಿಯಿದೆ, ಉಚ್ಚಾರ ಬಂದಿಲ್ಲ. ಯಾವ ಸ್ವರ ಎಂಬುದನ್ನು ಪುಸ್ತಕ ಹೇಳುತ್ತದೆ. ಅದನ್ನು ನಾಲಗೆಯಿಂದ ತಟ್ಟಬೇಕೋ, ಉಸಿರಿನಲ್ಲೇ ಜಾರಿಸಬೇಕೋ, ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿಡಬೇಕೋ ಎಂಬುದು ಕಿವಿಗೆ ಮಾತ್ರ ಸಿಗುವ ಸಂಗತಿ. ಪಾರ್ಕರ್ ಕಲಿತದ್ದೂ ಹಾಗೆಯೇ. 1937ರ ಬೇಸಿಗೆಯಲ್ಲಿ, ಇನ್ನೂ 17 ತುಂಬದ ಹುಡುಗ, ಓಝಾರ್ಕ್ ಬೆಟ್ಟದ ಕಡೆಗೆ ವಾದ್ಯಗೋಷ್ಠಿಯೊಂದಿಗೆ ಹೋದಾಗ ಲೆಸ್ಟರ್ ಯಂಗ್ ಅವರ ರೆಕಾರ್ಡುಗಳನ್ನು ಮತ್ತೆ ಮತ್ತೆ ಕೇಳಿ ಸೋಲೊಗಳನ್ನು ಬಾಯಿಪಾಠ ಮಾಡಿಕೊಂಡರು. ಯಂಗ್ ನುಡಿಸುತ್ತಿದ್ದದ್ದು ಟೆನರ್ (ಆಲ್ಟೊಗಿಂತ ದೊಡ್ಡ, ತಗ್ಗು ನಾದದ ಸ್ಯಾಕ್ಸೊಫೋನ್), ಪಾರ್ಕರ್ ಅವರದು ಆಲ್ಟೊ. ನಾದ ಬೇರೆಯಾದರೂ ಸಾಲನ್ನು ಕಟ್ಟುವ ಬಗೆ ಕಿವಿಯಿಂದ ಕೈಗೆ ಇಳಿಯಿತು.

ನೀವು ಪಾರ್ಕರ್ ಅವರ 1945ರ ‘ನೌಸ್ ದ ಟೈಮ್’ ತೆಗೆದುಕೊಳ್ಳಿ. ಹನ್ನೆರಡು ಬಾರ್‌ನ ಬ್ಲೂಸ್ (ಬಾರ್ ಎಂದರೆ ಇಲ್ಲಿ ನಾಲ್ಕು ಬೀಟಿನ ಒಂದು ಅಳತೆ), ಶ್ರುತಿ ಪಿಯಾನೊದವರಿಗೆ ಎಫ್. ಆಲ್ಟೊದಲ್ಲಿ ಅದೇ ನಾದಕ್ಕೆ ಬೇರೆ ಹೆಸರು, ಹಾಗಾಗಿ ನಿಮಗೆ ಅದು ಡಿ. ಸೋಲೊದ ಮೊದಲ ನಾಲ್ಕು ಬಾರ್ ಸಾಕು. ಫೋನಿನಲ್ಲಿ ಅರ್ಧ ವೇಗಕ್ಕಿಳಿಸಿ, ವಾದ್ಯ ಮುಟ್ಟದೆ, ಮೂರು ನಾಲ್ಕು ದಿನ ರೆಕಾರ್ಡಿನ ಜೊತೆ ಹಾಡಿ. ಉಸಿರು ಎಲ್ಲಿ ತೆಗೆದರು, ಯಾವ ಸ್ವರವನ್ನು ಅರ್ಧಕ್ಕೇ ನುಂಗಿದರು ಎಂಬುದೂ ನಿಮ್ಮ ಬಾಯಲ್ಲಿ ಬರಬೇಕು. ಆಮೇಲಷ್ಟೇ ವಾದ್ಯ. ಒಂದು ಬೀಟಿಗೆ ಎರಡು ಸ್ವರ ಬರುವ ಕಡೆ ಎರಡನೆಯದಕ್ಕೆ ನಾಲಗೆ ತಟ್ಟಿ, ಅಲ್ಲಿಂದ ಮುಂದಿನ ಬೀಟಿನ ಸ್ವರಕ್ಕೆ ತಟ್ಟದೆ ಜಾರಿ. ಹೆಚ್ಚಿನವರು ಬೀಟಿನ ಮೇಲೆಯೇ ತಟ್ಟುತ್ತಾರೆ, ಆಗ ಅದು ಪೆರೇಡ್ ಬ್ಯಾಂಡಿನಂತೆ ಕೇಳುತ್ತದೆ. ಮೆಟ್ರೋನೋಮನ್ನು 60ಕ್ಕಿಟ್ಟು, ಅದರ ಟಕ್ಕನ್ನು ಎರಡನೇ ಮತ್ತು ನಾಲ್ಕನೇ ಬೀಟ್ ಎಂದು ಎಣಿಸಿ. ನಿಮ್ಮ ನಡೆ 120 ಆಗುತ್ತದೆ. ಸ್ವಿಂಗ್ ಬರಲೆಂದು ಮೊದಲ ಸ್ವರವನ್ನು ಉದ್ದ, ಎರಡನೆಯದನ್ನು ತೀರಾ ಗಿಡ್ಡ ಮಾಡಬೇಡಿ, ಕುದುರೆ ಓಟವಾಗುತ್ತದೆ. ವೇಗದ ನಡೆಯಲ್ಲಿ ಪಾರ್ಕರ್ ಅವರ ಸ್ವರಗಳು ಹೆಚ್ಚುಕಡಿಮೆ ಸಮಸಮ. ನಾಲ್ಕು ಬಾರ್ ಹದವಾದ ಮೇಲೆ ಅದನ್ನೇ ಹನ್ನೆರಡೂ ಶ್ರುತಿಗಳಲ್ಲಿ ನುಡಿಸಿ. ಅಷ್ಟಾಗುವವರೆಗೆ ಐದನೇ ಬಾರ್ ಬೇಡ.

ಪ್ರಶ್ನೆ: ಕದ್ರಿ ಗೋಪಾಲನಾಥ್ ಅವರ ವಾದನದಿಂದ ಜಾಜ್ ನುಡಿಸುವವರು ಏನು ಪಡೆಯಬಹುದು? ಜಾಜ್‌ನಲ್ಲಿ ಗಮಕ (ಸ್ವರವನ್ನು ಜಾರಿಸುವುದು, ಕಂಪಿಸುವುದು) ತಂದರೆ ಬೆರಕೆ ಅನ್ನಿಸುವುದಿಲ್ಲವೇ?
– ಓದುಗರು, ಮಂಗಳೂರು

ಉತ್ತರ: ಪಡೆದವರೇ ಇದ್ದಾರೆ. ದಕ್ಷಿಣ ಭಾರತ ಮೂಲದ ಅಮೆರಿಕದ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ ಪಾರ್ಕರ್ ಪರಂಪರೆಯಲ್ಲಿ ಬೆಳೆದವರು. ಕದ್ರಿಯವರ ಧ್ವನಿಮುದ್ರಿಕೆ ಅವರಿಗೆ ಸಿಕ್ಕಿದ್ದು ವಿದ್ಯಾರ್ಥಿಯಾಗಿದ್ದಾಗ. 2008ರಲ್ಲಿ ‘ಕಿನ್ಸ್‌ಮೆನ್’ ಆಲ್ಬಮ್‌ನಲ್ಲಿ ಇಬ್ಬರೂ ಜೊತೆಯಾದರು, ಪಿಟೀಲಿಗೆ ಎ. ಕನ್ಯಾಕುಮಾರಿ. ಎರಡೂ ಆಲ್ಟೊ ಆದರೂ ಯಾರು ನುಡಿಸುತ್ತಿದ್ದಾರೆಂದು ಕಣ್ಣು ಮುಚ್ಚಿ ಹೇಳಬಹುದು: ಒಬ್ಬರ ಉಸಿರಿನಲ್ಲಿ ನಾಗಸ್ವರ, ಇನ್ನೊಬ್ಬರದರಲ್ಲಿ ನ್ಯೂಯಾರ್ಕ್. ಒಬ್ಬರು ಇನ್ನೊಬ್ಬರಂತಾಗಲು ಹೋಗಲಿಲ್ಲ, ಆದ್ದರಿಂದಲೇ ಅದು ಬೆರಕೆಯಾಗಲಿಲ್ಲ.

ಕಲಿಯಬೇಕಾದದ್ದು ಸ್ವರದಿಂದ ಸ್ವರಕ್ಕೆ ಸಾಗುವ ದಾರಿ. ವಾದ್ಯದ ಮೇಲ್ತುದಿಯ ಬಾಗಿದ ಕೊಳವೆಯಾದ ನೆಕ್‌ನಿಂದ ಮೌತ್‌ಪೀಸ್ ಬಿಚ್ಚಿ ಅದನ್ನಷ್ಟೇ ಊದಿ. ಆಲ್ಟೊದಲ್ಲಿ ಪಿಯಾನೊದ ಎ ಆಸುಪಾಸು ನಿಲ್ಲಬೇಕು. ಅದಕ್ಕಿಂತ ಮೇಲೆ ಹೋದರೆ ಹಲ್ಲು ಬಿಗಿಯಾಗಿ ಕಚ್ಚುತ್ತಿದ್ದೀರಿ. ಗಂಟಲು, ನಾಲಗೆ ಸಡಿಲಿಸುತ್ತ ಅಲ್ಲಿಂದ ನಾಲ್ಕು ಸ್ವರ ಕೆಳಕ್ಕೆ ಜಾರಿ, ಮತ್ತೆ ಏರಿ. ಇದು ಬಂದ ಮೇಲೆ ತಂಬೂರಿಯನ್ನು ಎರಡೂವರೆ ಮನೆಗೆ (ಪಿಯಾನೊದ ಡಿ ಶಾರ್ಪ್) ಇಡಿ. ಆಲ್ಟೊದ ಸಿ ಸ್ವರವೇ ಆಗ ಷಡ್ಜ, ಬೆರಳು ಹುಡುಕುವ ತಾಪತ್ರಯವಿಲ್ಲ. ತುಟಿಯಿಂದ ಶ್ರುತಿ ಇಳಿಸುವುದು ಸುಲಭ, ಏರಿಸಲು ಆಗುವುದು ಅತಿ ಸ್ವಲ್ಪ. ಹಾಗಾಗಿ ಮೇಲಿನ ಸ್ವರಕ್ಕೆ ಬೆರಳಿಟ್ಟು, ತುಟಿ ಸಡಿಲಿಸಿ ಕೆಳಗಿನಿಂದ ಏರಬೇಕು. ಕೆಳಗಿನ ಸ್ಥಾಯಿಯಲ್ಲಿ ಸ್ವರ ಅಷ್ಟು ಬಾಗುವುದಿಲ್ಲ, ಅಲ್ಲಿ ಹೆಣಗಬೇಡಿ.

ಪ್ರಶ್ನೆ: ಹೋಟೆಲಿನ ಎಸಿ ಹಾಲ್‌ನಲ್ಲಿ ಕೀಬೋರ್ಡ್ ಜೊತೆ ನುಡಿಸುತ್ತೇನೆ. ಶುರುವಿನಲ್ಲಿ ಶ್ರುತಿ ಇಳಿದಿರುತ್ತದೆ, ಮಳೆಗಾಲದಲ್ಲಿ ಜಿ ಶಾರ್ಪ್ ಕೀ ಅಂಟಿಕೊಳ್ಳುತ್ತದೆ.
– ಓದುಗರು, ಉಡುಪಿ

ಉತ್ತರ: ವಾದ್ಯದೊಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ (100 ಸೆಂಟ್ ಸೇರಿದರೆ ಅರ್ಧಸ್ವರ). ಕೀಬೋರ್ಡ್ ಮಾತ್ರ ಅಲ್ಲಾಡುವುದಿಲ್ಲ. ಐದು ನಿಮಿಷ ಊದಿ ವಾದ್ಯ ಬೆಚ್ಚಗಾದ ಮೇಲೆ ಶ್ರುತಿ ನೋಡಿ. ಇನ್ನೂ ಕಡಿಮೆಯಿದ್ದರೆ ಮೌತ್‌ಪೀಸನ್ನು ಕಾರ್ಕಿನ ಮೇಲೆ ಒಂದೊಂದೇ ಮಿಲಿಮೀಟರ್ ಒಳಕ್ಕೆ ತಳ್ಳಿ. ಎರಡು ಸೆಟ್‌ಗಳ ನಡುವೆ ವಾದ್ಯ ಎಸಿಯ ಗಾಳಿಗೆ ಎದುರಾಗಿ ಇರದಂತೆ ನೋಡಿಕೊಳ್ಳಿ.

ಜಿ ಶಾರ್ಪ್ ಅಂಟಲು ಕಾರಣ ಅದರ ರಚನೆ. ಕಿರುಬೆರಳಿನ ಕೀ ಒತ್ತಿದಾಗ ಮೇಲಿನ ತಡೆ ಸರಿಯುತ್ತದೆ ಅಷ್ಟೆ, ರಂಧ್ರ ಮುಚ್ಚುವ ಪ್ಯಾಡನ್ನು ಎತ್ತುವುದು ಬೇರೊಂದು ದುರ್ಬಲ ಸ್ಪ್ರಿಂಗ್. ಎಂಜಲಿನ ತೇವ, ಚಹಾದ ಸಕ್ಕರೆ ಸೇರಿದರೆ ಆ ಸ್ಪ್ರಿಂಗಿಗೆ ಶಕ್ತಿ ಸಾಲದು. ಅಂಟಿಲ್ಲದ ಸಿಗರೇಟು ಕಾಗದವನ್ನು ಪ್ಯಾಡಿನಡಿ ಇಟ್ಟು ಮೆಲ್ಲಗೆ ಒತ್ತಿ, ಬಿಟ್ಟು, ಹೊಸ ಜಾಗದಲ್ಲಿ ಮತ್ತೆ ಒತ್ತಿ. ಒತ್ತಿ ಹಿಡಿದೇ ಎಳೆದರೆ ಪ್ಯಾಡಿನ ಚರ್ಮ ಹರಿಯುತ್ತದೆ. ಪೌಡರ್ ಹಾಕಬೇಡಿ, ತೇವ ಸೇರಿ ಗಟ್ಟಿಯಾಗುತ್ತದೆ. ನುಡಿಸುವ ಮುನ್ನ ಬಾಯಿ ಮುಕ್ಕಳಿಸಿ. ರೀಡುಗಳು (ಮೌತ್‌ಪೀಸಿಗೆ ಕಟ್ಟುವ ತೆಳು ಪಟ್ಟಿ) ನಾಲ್ಕಿರಲಿ, ಸಂಖ್ಯೆ ಬರೆದು ದಿನಕ್ಕೊಂದರಂತೆ ಬಳಸಿ, ಒರೆಸಿ ಒಣಗಿಸಿಡಿ. ಕರಾವಳಿಯ ಮಳೆಗಾಲದಲ್ಲಿ ಮೌತ್‌ಪೀಸ್ ಮೇಲೆಯೇ ಬಿಟ್ಟ ರೀಡಿಗೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಮೊದಲ ಬಾರಿಗೆ ಅಪರಿಚಿತರ ಜೊತೆ ವೇದಿಕೆ ಹತ್ತುತ್ತಿದ್ದೇನೆ. ಏನು ಗೊತ್ತಿರಬೇಕು?
– ಓದುಗರು, ಮೈಸೂರು

ಉತ್ತರ: ಶ್ರುತಿಯನ್ನು ಪಿಯಾನೊ ಲೆಕ್ಕದಲ್ಲಿ ಹೇಳಿ, ಆಲ್ಟೊ ಲೆಕ್ಕದಲ್ಲಲ್ಲ. ಯಾರಾದರೂ ತಲೆ ತಟ್ಟಿಕೊಂಡರೆ ಮೂಲ ರಾಗಕ್ಕೆ ಮರಳಿ ಎಂದರ್ಥ. ನಾಲ್ಕು ಬೆರಳು ತೋರಿಸಿದರೆ ನಾಲ್ಕು ಬಾರ್ ನೀವು, ನಾಲ್ಕು ಬಾರ್ ಡ್ರಮ್ಸ್. ಮೈಕನ್ನು ವಾದ್ಯದ ಗಂಟೆಯಾಕಾರದ ಬಾಯೊಳಗೆ ತುರುಕಬೇಡಿ. ಅಲ್ಲಿಂದ ಜೋರಾಗಿ ಹೊರಡುವುದು ಕೆಳಗಿನ ಕೆಲವು ಸ್ವರಗಳು. ಉಳಿದವು ತೆರೆದ ರಂಧ್ರಗಳಿಂದ ಬರುತ್ತವೆ. ಒಂದು ಗೇಣು ದೂರದಲ್ಲಿ, ಬಾಯಿಯ ಅಂಚಿಗಿಂತ ಸ್ವಲ್ಪ ಮೇಲೆ, ಎಡಗೈ ಕಡೆಗೆ ತಿರುಗಿಸಿ ಇಡಿ.