ಶೇಕಡ 3ರಷ್ಟು ಸ್ಯಾಂಪಲ್ ಕಳೆದುಹೋದರೆ ಲೆಕ್ಕ ಸರಿಹೊಂದಿಸಿಕೊಳ್ಳಬಹುದೇ?

ಬೇಡ. ಪರ್ಫ್ (ಲಿನಕ್ಸ್‌ನಲ್ಲಿ ಸಿಪಿಯು ಯಾವ ಕೋಡ್‌ನಲ್ಲಿ ಸಮಯ ಕಳೆಯುತ್ತಿದೆ ಎಂದು ಅಳೆಯುವ ಸಾಧನ) ದಾಖಲೆಯಲ್ಲಿ ಶೇಕಡ 3ರಷ್ಟು ಸ್ಯಾಂಪಲ್, ಅಂದರೆ ಅದು ಆಗಾಗ ಇಣುಕಿ ಬರೆದಿಟ್ಟ ಗುರುತುಗಳು, ಕಳೆದುಹೋಗಿವೆ, ಉಳಿದವನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸಿಕೊಂಡರೆ ಸಾಕಲ್ಲವೇ ಎಂದು ಕೇಳಿದ್ದೀರಿ. 2021ರ ಮಳೆಗಾಲದಲ್ಲಿ ಇಷ್ಟೇ ನಷ್ಟವನ್ನು ಕಡೆಗಣಿಸಿ ನಾನು ಮೂರು ವಾರ ಹಾಳುಮಾಡಿಕೊಂಡೆ.

ಆಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದಲೇ ಕೆಲಸ. ನಾವು ಡ್ರೈವರ್ (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಬರೆದುಕೊಟ್ಟಿದ್ದ ಒಂದು ಸ್ಟೋರೇಜ್ ಸರ್ವರ್ ಸಂಜೆಯ ಹೊತ್ತಿಗೆ ಆಗಾಗ ಅರ್ಧ, ಮುಕ್ಕಾಲು ಸೆಕೆಂಡು ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ನಾಲ್ಕು ಸಿಪಿಯುಗಳ ಮೇಲೂ 20 ಸೆಕೆಂಡು ಪರ್ಫ್ ರೆಕಾರ್ಡ್ ಓಡಿಸಿದೆ. ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂದು ತೋರಿಸುವ ಕಾಲ್‌ಗ್ರಾಫ್‌ಗೆ ಡ್ವಾರ್ಫ್ ಎಂಬ ವಿಧಾನ ಆರಿಸಿಕೊಂಡೆ. ವರದಿ ತೆರೆದರೆ ಸುಮಾರು ಎರಡೂವರೆ ಲಕ್ಷ ಸ್ಯಾಂಪಲ್, ಜೊತೆಗೆ ‘ಲಾಸ್ಟ್ 7 ಚಂಕ್ಸ್’ (7 ತುಂಡು ಕಳೆದುಹೋಗಿವೆ) ಎಂಬ ಎಚ್ಚರಿಕೆ. ಎರಡೂವರೆ ಲಕ್ಷದಲ್ಲಿ ಏಳು ಯಾವ ಲೆಕ್ಕ ಎಂದುಕೊಂಡು ಎಂಟರ್ ಒತ್ತಿ ಮುಂದೆ ಹೋದೆ.

ತಪ್ಪಿದ್ದು ಅಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಇದರ ನೆರಳು ಕಾಣುತ್ತಿದೆ. ಕರ್ನಲ್ (ಲಿನಕ್ಸ್‌ನ ತಿರುಳು) ಪ್ರತಿ ಸಿಪಿಯುಗೂ ಒಂದು ರಿಂಗ್ ಬಫರ್ (ಸುತ್ತಿ ಸುತ್ತಿ ಬಳಸುವ ತಾತ್ಕಾಲಿಕ ಮೆಮೊರಿ) ಇಟ್ಟುಕೊಂಡು ಸ್ಯಾಂಪಲ್ ಬರೆಯುತ್ತಾ ಹೋಗುತ್ತದೆ, ಪರ್ಫ್ ಹಿಂದಿನಿಂದ ಓದಿ ಖಾಲಿ ಮಾಡುತ್ತಾ ಬರುತ್ತದೆ. ಓದುವುದು ತಡವಾಗಿ ಬಫರ್ ತುಂಬಿದರೆ ಹೊಸ ಸ್ಯಾಂಪಲ್‌ಗಳಿಗೆ ಜಾಗವಿಲ್ಲ. ಕರ್ನಲ್ ಅವನ್ನು ಬಿಟ್ಟುಬಿಟ್ಟು, ಎಷ್ಟು ಬಿಟ್ಟೆ ಎಂದು ಎಣಿಸಿಕೊಳ್ಳುತ್ತದೆ. ಮತ್ತೆ ಜಾಗ ಸಿಕ್ಕಾಗ ‘ಲಾಸ್ಟ್’ ಎಂಬ ಒಂದೇ ಒಂದು ದಾಖಲೆ ಬರೆದು, ಆ ಎಣಿಕೆಯನ್ನು ಅದರ ಒಳಗೆ ಇಡುತ್ತದೆ. ನಾನು ಕಂಡ 7 ಎಂಬುದು ಅಂಥ ದಾಖಲೆಗಳ ಸಂಖ್ಯೆ, ಕಳೆದುಹೋದ ಸ್ಯಾಂಪಲ್‌ಗಳದ್ದಲ್ಲ. ಪರ್ಫ್ ಸ್ಕ್ರಿಪ್ಟ್‌ಗೆ ‘ಶೋ-ಲಾಸ್ಟ್-ಈವೆಂಟ್ಸ್’ ಆಯ್ಕೆ ಕೊಟ್ಟಿದ್ದರೆ ಅವತ್ತೇ ಕಾಣುತ್ತಿತ್ತು: ಏಳರಲ್ಲಿ ಒಂದರೊಳಗೇ 3,100, ಒಟ್ಟು ಹತ್ತಿರಹತ್ತಿರ ಏಳು ಸಾವಿರ.

ಅಷ್ಟಾದರೂ ಶೇಕಡ 3 ದಾಟುವುದಿಲ್ಲ, ನಿಜ. ಆದರೆ ಆ ಏಳು ಸಾವಿರ 20 ಸೆಕೆಂಡಿನ ಉದ್ದಕ್ಕೂ ಹರಡಿ ಬಿದ್ದಿರಲಿಲ್ಲ, ಏಳು ಕಡೆ ರಾಶಿ ಬಿದ್ದಿದ್ದವು.

ಇದು ಗೊತ್ತಾಗುವ ಮೊದಲು, ಹೆಚ್ಚು ಸಮಯ ತಿನ್ನುತ್ತಿದೆ ಎಂದು ವರದಿಯ ಮೇಲ್ತುದಿಯಲ್ಲಿ ಕಂಡ ಡಿಕಂಪ್ರೆಷನ್ (ಕುಗ್ಗಿಸಿದ ಮಾಹಿತಿಯನ್ನು ಬಿಡಿಸುವ) ಫಂಕ್ಷನ್ನನ್ನು ಹಿಡಿದುಕೊಂಡು ಮೂರು ವಾರ ತಿದ್ದಿದೆ. ಅದು ಚುರುಕಾಯಿತು. ಸರ್ವರ್ ಮಾತ್ರ ಮೊದಲಿನಂತೆಯೇ ನಿಲ್ಲುತ್ತಿತ್ತು.

ನಮ್ಮ ಚಿಕ್ಕಪ್ಪ ತೋಟದಂಚಿನಲ್ಲಿ ಮಳೆಮಾಪಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಡೈರಿಯಲ್ಲಿ ಬರೆಯುತ್ತಾರೆ, ಅಡಿಕೆಗೆ ಮುಂದಿನ ಔಷಧಿ ಯಾವಾಗ ಹೊಡೆಯಬೇಕೆಂದು ನಿರ್ಧರಿಸುವುದು ಅದನ್ನು ನೋಡಿಯೇ. ಆ ಜುಲೈಯ ಒಂದು ಬೆಳಿಗ್ಗೆ ಕರೆಂಟ್ ಇಲ್ಲದೆ ನಾನು ಜಗಲಿಯಲ್ಲಿ ಕೂತಿದ್ದಾಗ, ಮಾಪಕ ರಾತ್ರಿಯೇ ತುಂಬಿ ಚೆಲ್ಲಿದೆ ಎಂದರು. ‘ಕೊನೆಯ ಗೆರೆಯಷ್ಟೇ ಬರೆದುಬಿಡಿ’ ಎಂದೆ. ‘ಹಾಗೆ ಬರೆದರೆ ವರ್ಷದ ದೊಡ್ಡ ಮಳೆಯೇ ಡೈರಿಯಲ್ಲಿ ಇರುವುದಿಲ್ಲವಲ್ಲ ಮಾರಾಯ’ ಎಂದು, ಅಂಕಿಯ ಪಕ್ಕದಲ್ಲಿ ‘ತುಂಬಿ ಚೆಲ್ಲಿದೆ’ ಎಂದು ಕೆಂಪು ಶಾಯಿಯಲ್ಲಿ ಬರೆದರು. ಆ ಕೆಂಪು ಅಕ್ಷರ ಒಣಗುವ ಮೊದಲೇ ನನಗೆ ಏಳು ಚಂಕ್‌ಗಳ ನೆನಪಾಯಿತು.

ಕರೆಂಟ್ ಬಂದೊಡನೆ ಲಾಸ್ಟ್ ದಾಖಲೆಗಳ ಸಮಯವನ್ನು ಸರ್ವರ್ ನಿಂತ ಸಮಯದ ಪಕ್ಕದಲ್ಲಿಟ್ಟು ನೋಡಿದೆ. ಆ ದಾಖಲೆಯ ಸಮಯ ನಷ್ಟ ಶುರುವಾದ ಕ್ಷಣದ್ದಲ್ಲ, ಮುಗಿದ ಮೇಲಿನದು ಎಂಬುದನ್ನು ಮರೆಯಬೇಡಿ. ಹಾಗೆ ಓದಿದಾಗ ಏಳರಲ್ಲಿ ಐದು, ಸರ್ವರ್ ನಿಂತು ಮತ್ತೆ ಎದ್ದ ಕ್ಷಣಕ್ಕೇ ಬಂದು ಕೂತವು. ಗಿರಾಕಿ ದೂರುತ್ತಿದ್ದ ಹೊತ್ತೇ ನನ್ನ ದಾಖಲೆಯಲ್ಲಿ ಇರಲಿಲ್ಲ. ಇಲ್ಲದ ಹೊತ್ತನ್ನು ಯಾವ ಅನುಪಾತದಿಂದ ಹಿಗ್ಗಿಸುತ್ತೀರಿ?

ಬಫರ್ ಅಷ್ಟು ಬೇಗ ತುಂಬಿದ್ದಕ್ಕೆ ಕಾರಣ ಡ್ವಾರ್ಫ್. ಅದು ಪ್ರತಿ ಸ್ಯಾಂಪಲ್‌ಗೂ 8,192 ಬೈಟ್ ಸ್ಟ್ಯಾಕ್ (ಫಂಕ್ಷನ್ ಕರೆಗಳ ಜಾಡು ಇರುವ ಮೆಮೊರಿ) ಕಟ್ಟಿಕೊಡುತ್ತದೆ. ಮಾಮೂಲಿ ಬಫರ್ ಸಿಪಿಯುಗೆ 512 ಕೆಬಿ, ಅಂದರೆ 64 ಸ್ಯಾಂಪಲ್ ಕೂಡ ಹಿಡಿಯುವುದಿಲ್ಲ. ಸೆಕೆಂಡಿಗೆ 4,000ದ ವೇಗದಲ್ಲಿ ಅದು 16 ಮಿಲಿಸೆಕೆಂಡಿನ ಮಾತು. ಅಷ್ಟರೊಳಗೆ ಪರ್ಫ್‌ಗೆ ಸಿಪಿಯು ಸಿಗದಿದ್ದರೆ ಮುಗಿಯಿತು.

ಆದ್ದರಿಂದ ಎಲ್ಲರೂ ಹೇಳುವ ‘ಬಫರ್ ದೊಡ್ಡದು ಮಾಡಿ’ ಎಂಬುದು ನನ್ನ ಪ್ರಕಾರ ಎರಡನೆಯ ಕೆಲಸ. ಮೊದಲು ಸ್ಯಾಂಪಲ್ ಚಿಕ್ಕದು ಮಾಡಿ: ಪ್ರೋಗ್ರಾಂ ಅನ್ನು ಫ್ರೇಮ್ ಪಾಯಿಂಟರ್ (ಸ್ಟ್ಯಾಕ್ ನಕಲಿಲ್ಲದೆಯೂ ಕರೆಗಳ ಜಾಡು ಹಿಡಿಯಲು ನೆರವಾಗುವ ಗುರುತು) ಉಳಿಸಿಕೊಂಡು ಮತ್ತೆ ಕಂಪೈಲ್ ಮಾಡಿ, ಡ್ವಾರ್ಫ್ ಬಿಟ್ಟುಬಿಡಿ. ವೇಗವನ್ನು ಸೆಕೆಂಡಿಗೆ 997ಕ್ಕೆ ಇಳಿಸಿ. ಆಮೇಲೆ ‘ಎಂ’ ಆಯ್ಕೆಯಿಂದ ಬಫರ್ ಹಿಗ್ಗಿಸಿ. ದಾಖಲೆಯ ಕಡತವನ್ನು, ನೀವು ಪರೀಕ್ಷಿಸುತ್ತಿರುವ ಡಿಸ್ಕಿನ ಮೇಲೆಯೇ ಬರೆಯಬೇಡಿ.

ಇನ್ನೊಂದು ವಿಷಯ. ಕೊನೆಯಲ್ಲಿ ಬಫರ್ ತುಂಬಿದ ಸ್ಥಿತಿಯಲ್ಲೇ ದಾಖಲಿಸುವುದು ನಿಂತರೆ, ಆ ಕೊನೆಯ ನಷ್ಟಕ್ಕೆ ಲಾಸ್ಟ್ ದಾಖಲೆ ಬರುವುದೇ ಇಲ್ಲ, ಏಕೆಂದರೆ ಅದನ್ನು ಬರೆಯಲು ಇನ್ನೊಂದು ದಾಖಲೆ ಬರಬೇಕು. 2022ರ ಲಿನಕ್ಸ್ 6.0ರಿಂದ ‘ಪರ್ಫ್_ಫಾರ್ಮ್ಯಾಟ್_ಲಾಸ್ಟ್’ ಎಂಬ ಸೌಲಭ್ಯ ಬಂದಿದೆ, ಪ್ರತಿ ಈವೆಂಟ್ (ಪರ್ಫ್ ಅಳೆಯುವ ಒಂದೊಂದು ಸಂಗತಿ) ಎಷ್ಟು ಸ್ಯಾಂಪಲ್ ಕಳೆದುಕೊಂಡಿತು ಎಂಬುದನ್ನು ನೇರವಾಗಿ ಓದಬಹುದು. ಹಳೆಯ ಕರ್ನಲ್‌ನಲ್ಲಿದ್ದರೆ ನಿಮ್ಮ ಶೇಕಡ 3ನ್ನೂ ನಂಬಬೇಡಿ.

ಚಿಕ್ಕ ಸ್ಯಾಂಪಲ್‌ಗಳಿಂದ ಮತ್ತೆ ದಾಖಲಿಸಿದಾಗ ಒಂದೂ ಕಳೆದುಹೋಗಲಿಲ್ಲ, ನಿಜವಾದ ಕಾರಣವೂ ಕಂಡಿತು. ಮೆಮೊರಿ ಕಡಿಮೆಯಾದಾಗಲೆಲ್ಲ ನಮ್ಮದೇ ಡ್ರೈವರ್ ಸ್ಪಿನ್‌ಲಾಕ್ (ಒಂದು ಸಿಪಿಯು ಬಿಡುವವರೆಗೆ ಬೇರೆಯವು ಸುತ್ತುತ್ತಲೇ ಕಾಯಬೇಕಾದ ಬೀಗ) ಹಿಡಿದುಕೊಂಡು ಉದ್ದದ ಪಟ್ಟಿಯೊಂದನ್ನು ತಡಕಾಡುತ್ತಿತ್ತು. ಉಳಿದ ಸಿಪಿಯುಗಳು ಅದಕ್ಕಾಗಿ ಕಾಯುತ್ತಾ ಸುತ್ತುತ್ತಿದ್ದವು, ಪರ್ಫ್‌ಗೂ ಓದಲು ಸರದಿ ಸಿಗುತ್ತಿರಲಿಲ್ಲ. ತಿದ್ದಲು ಒಂದು ಮಧ್ಯಾಹ್ನ ಸಾಕಾಯಿತು.

ನಿಮ್ಮ ಲಾಸ್ಟ್ ದಾಖಲೆಗಳ ಸಮಯ ಮತ್ತು ಒಳಗಿನ ಎಣಿಕೆ, ಎರಡನ್ನೂ ತೆಗೆದು ಇಲ್ಲಿ ಹಾಕಿ. ನಿಮ್ಮ ಯಂತ್ರ ಯಾವಾಗ ನಿಧಾನವಾಯಿತು ಎಂಬ ಸಮಯವೂ ಬೇಕು.