ಹಳ್ಳಿ ಕ್ಷೇತ್ರದಿಂದ ಪಕ್ಷೇತರನಾಗಿ ವಿಧಾನಸಭೆಗೆ ನಿಲ್ಲಬೇಕು ಅಂತಿದ್ದೇನೆ. ನೀರು, ಜಮೀನು, ಶಾಲೆ, ಮದ್ಯದ ವಿಷಯದಲ್ಲಿ ಯಾರಿಗೂ ಬೇಜಾರಾಗದ ಹಾಗೆ ನಿಲುವು ಹೇಳುವುದು ಹೇಗೆ?

ಯಾರಿಗೂ ಬೇಜಾರಾಗದ ಹಾಗೆ. 2023ರ ಏಪ್ರಿಲ್‌ನಲ್ಲಿ ನಾನು ಕರಪತ್ರ ಬರೆಸಲು ಕೂತಾಗ ತಲೆಯಲ್ಲಿ ಇದ್ದದ್ದೂ ಇದೇ.

ತುಮಕೂರು ಜಿಲ್ಲೆಯ ಒಂದು ಬಯಲುಸೀಮೆ ಕ್ಷೇತ್ರದಲ್ಲಿ ಪಕ್ಷೇತರನಾಗಿ ನಿಂತಿದ್ದೆ. ಕರಪತ್ರದಲ್ಲಿ ಕುಡಿಯುವ ನೀರು, ರಸ್ತೆ, ಚರಂಡಿ, ಬೀದಿದೀಪ, ಶಾಲೆ ಕಟ್ಟಡ, ಪಂಪ್‌ಸೆಟ್‌ಗೆ ಹಗಲು ಹೊತ್ತಿನ ಕರೆಂಟು, ಎಲ್ಲ ಇತ್ತು. ಗೋಮಾಳದ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಾಗದ, ಮಾತು ಮಾತ್ರ ಇರಲಿಲ್ಲ. ಬೇಕಂತಲೇ ಬಿಟ್ಟಿದ್ದೆ. ಅದನ್ನು ಮುಟ್ಟಿದರೆ ಅರ್ಧ ಊರು ಎದುರು ನಿಲ್ಲುತ್ತೆ ಅಂತ ಜೊತೆಯಲ್ಲಿದ್ದವರೆಲ್ಲ ಹೇಳಿದ್ದರು.

ಆದರೆ ಹೋದ ಕಡೆಯೆಲ್ಲ ಜನ ಕೇಳಿದ್ದು ಅದನ್ನೇ. ಒಂದು ಊರಿನಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡು, ಆಧಾರ್ ಎಲ್ಲ ತೆಗೆದು, ಅಡಿಯಲ್ಲಿದ್ದ ಒಂದು ಚೀಟಿಯನ್ನು ನನ್ನ ಕೈಗಿಟ್ಟರು. ಫಾರಂ 57ರ ಸ್ವೀಕೃತಿ, ಅಂದರೆ ಉಳುತ್ತಿರುವ ಸರ್ಕಾರಿ ಜಮೀನನ್ನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಹಾಕಿದ ಅರ್ಜಿಯ ರಸೀದಿ. ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಅಳಿಸಿಹೋಗಿತ್ತು. "ಅಣ್ಣಾ, ಅರ್ಜಿ ಹಾಕಿ ವರ್ಷಗಳಾಯ್ತು, ಉಳೋದು ನಾವೇ, ಪಹಣಿ ಮಾತ್ರ ಸರ್ಕಾರದ್ದು. ನೀವು ಗೆದ್ರೆ ಸಾಗುವಳಿ ಚೀಟಿ ಕೊಡಿಸ್ತೀರಾ?" ಅಂದರು. "ಯಾರಿಗೂ ಅನ್ಯಾಯ ಆಗೋಕೆ ಬಿಡಲ್ಲಮ್ಮ" ಅಂದೆ.

ಅದೇ ಹೋಬಳಿಯ ಇನ್ನೊಂದು ಊರಿನಲ್ಲಿ ದನ, ಕುರಿ ಸಾಕುವವರೇ ಜಾಸ್ತಿ. ಅರಳಿಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ನಾನು ಕೊಟ್ಟ ಕರಪತ್ರವನ್ನು ಮಡಿಸಿ ಪಕ್ಕಕ್ಕಿಟ್ಟರು. "ಇದೆಲ್ಲ ಇರ್ಲಿ. ಗೋಮಾಳ ಉಳಿಯುತ್ತೋ, ಹೋಗುತ್ತೋ? ಅದ್ನೇಳಪ್ಪ ಮೊದ್ಲು." ಅವರಿಗೂ ಅದೇ ಉತ್ತರ ಕೊಟ್ಟೆ.

ಎರಡೂ ಊರಿನವರು ಒಂದೇ ಸಂತೆಗೆ ಬರುತ್ತಾರೆ. ನಾನು ಏನು ಹೇಳಿದೆ ಅಂತ ಅಲ್ಲಿ ಮಾತಾಡಿಕೊಂಡಿದ್ದಾರೆ. ಉಳುವವರು ನಾನು ದನದವರ ಕಡೆ ಅಂದುಕೊಂಡರು, ದನದವರು ನಾನು ಉಳುವವರ ಕಡೆ ಅಂದುಕೊಂಡರು. ಆಮೇಲೆ ಆ ಹೋಬಳಿಯಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಗುತ್ತೆ. ನನ್ನದು ಹೋಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅಲ್ಲೇ ಎಡವುತ್ತೀರಿ ಅನ್ನಿಸುತ್ತಿದೆ. ನಾನು ಅಂದುಕೊಂಡಿದ್ದು, ಗೋಮಾಳದ ಜಗಳ ಊರೊಳಗಿನದು, ಎಂಎಲ್ಎಗೆ ಯಾಕೆ ಅಂತ. ಅದು ಪೂರ್ತಿ ತಪ್ಪು. ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರ ಈ ಅರ್ಜಿಗಳನ್ನು ನೋಡುವ ಬಗರ್ ಹುಕುಂ ಸಮಿತಿಗೆ ಎಂಎಲ್ಎನೇ ಅಧ್ಯಕ್ಷ, ತಹಶೀಲ್ದಾರ್ ಕಾರ್ಯದರ್ಶಿ. ಯಾರಿಗೆ ಜಮೀನು ಮಂಜೂರಾಗಬೇಕು, ಯಾರ ಅರ್ಜಿ ವಜಾ ಆಗಬೇಕು ಅನ್ನೋ ತೀರ್ಮಾನ ಆ ಮೇಜಿನ ಮೇಲೆ ಆಗುತ್ತೆ. ಚರಂಡಿ, ಬೀದಿದೀಪ, ಊರೊಳಗಿನ ನಲ್ಲಿ ಎಲ್ಲ ಗ್ರಾಮ ಪಂಚಾಯಿತಿ ಕೆಲಸ. ಅಂದರೆ ನನ್ನ ಕೈಯಲ್ಲಿ ಇಲ್ಲದ್ದನ್ನೆಲ್ಲ ಅಚ್ಚು ಹಾಕಿಸಿ, ನೇರವಾಗಿ ನನ್ನ ಸಹಿಗೆ ಬರುವ ಒಂದು ವಿಷಯವನ್ನೇ ನುಂಗಿದ್ದೆ. ಜನಕ್ಕೆ ಇದು ಗೊತ್ತು. ಅಭ್ಯರ್ಥಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಎರಡರಲ್ಲಿ ಯಾವುದಾದರೂ ವೋಟು ಹಾಕುವವರಿಗೆ ಒಂದೇ, ಅಲ್ವಾ?

ಹೇಳಬಹುದಾದ ಉತ್ತರ ಕಾನೂನಿನಲ್ಲೇ ಇತ್ತು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಊರಿನ 100 ಜಾನುವಾರಿಗೆ 30 ಎಕರೆ ಗೋಮಾಳ ಉಳಿಸಲೇಬೇಕು. ಅದಕ್ಕಿಂತ ಹೆಚ್ಚು ಇದ್ದರೆ ಮಾತ್ರ ಮಂಜೂರಿಯ ಮಾತು. ಫಾರಂ 57 ಅರ್ಜಿದಾರರು 2005ರ ಜನವರಿ 1ಕ್ಕೆ ಮುಂಚಿನಿಂದ ಸಾಗುವಳಿ ಮಾಡುತ್ತಿರಬೇಕು. ಸ್ವಂತ ಜಮೀನೂ ಸೇರಿ 4 ಎಕರೆ 38 ಗುಂಟೆ ದಾಟುವ ಹಾಗಿಲ್ಲ. ಹಾಗಾದರೆ ಎರಡೂ ಊರಿನಲ್ಲಿ ನಾನು ಹೇಳಬೇಕಿದ್ದದ್ದು ಇಷ್ಟು: "ಮೊದಲು ಜಾನುವಾರು ಲೆಕ್ಕ ಹಾಕಿಸುತ್ತೇನೆ, ಗೋಮಾಳ ಸರ್ವೆ ಮಾಡಿಸಿ ಕಲ್ಲು ನೆಡಿಸುತ್ತೇನೆ. ಮಿಕ್ಕ ಜಾಗದಲ್ಲಿ ನಿಜವಾಗಿ ಉಳುತ್ತಿರುವ ಬಡವರಿಗೆ ಮೊದಲು ಚೀಟಿ. ಆಗಲೇ ಹತ್ತಾರು ಎಕರೆ ಇದ್ದೂ ಗೋಮಾಳಕ್ಕೆ ಬೇಲಿ ಸುತ್ತಿಕೊಂಡವರ ಅರ್ಜಿಗೆ ನಾನು ಸಹಿ ಹಾಕುವುದಿಲ್ಲ." ಹೀಗೆ ಹೇಳಿದ್ದರೆ ಯಾರಿಗೆ ಬೇಜಾರಾಗುತ್ತಿತ್ತು? ಎರಡೂ ಊರಿನ ನಾಲ್ಕಾರು ದೊಡ್ಡ ಕುಳಗಳಿಗೆ. ಚೀಟಿ ಹಿಡಿದು ಕಾಯುತ್ತಿದ್ದ ಆ ಹೆಂಗಸಿಗಲ್ಲ, ಕಟ್ಟೆ ಮೇಲಿದ್ದ ಹಿರಿಯರಿಗೂ ಅಲ್ಲ. ಬಡವರಿಬ್ಬರ ನಡುವಿನ ಜಗಳ ಅಂತ ನಾನು ಹೆದರಿದ್ದು ಈ ಬೇಲಿಯವರು ಎಬ್ಬಿಸಿದ್ದ ಜಗಳವಾಗಿತ್ತು. ಕರಪತ್ರ ಬರೆಸುವ ಮುಂಚೆ ತಾಲ್ಲೂಕು ಕಚೇರಿಯಲ್ಲಿ ದಾಖಲೆ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನೇರವಾಗಿ ಹೇಳುತ್ತೇನೆ. ಯಾರಿಗೂ ಬೇಜಾರಾಗದ ನಿಲುವಿದ್ದರೆ ನೀವು ನಿಲ್ಲುವ ಅಗತ್ಯವೇ ಇಲ್ಲ, ಅದನ್ನು ಹೇಳಲು ಮೂರು ಪಕ್ಷಗಳೂ ಇವೆ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆಯಿತು. ಮರುವರ್ಷ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದರು. ಅವರು ಗೇಣಿದಾರರ ಕಡೆ, ಜಮೀನ್ದಾರರ ಎದುರು ಅನ್ನೋದು ಪ್ರತಿ ಹಳ್ಳಿಗೂ ಗೊತ್ತಿತ್ತು.

ಮದ್ಯದ ವಿಷಯದಲ್ಲೂ ಜಾರಿಕೊಳ್ಳಬೇಡಿ. ಸಾರಾಯಿ ನಿಂತದ್ದು 2007ರಲ್ಲಿ. ಈಗ ಪೆಟ್ಟಿಗೆ ಅಂಗಡಿಯಲ್ಲಿ, ಬೀಡಿ ಬೆಂಕಿಪೊಟ್ಟಣದ ಪಕ್ಕದಲ್ಲೇ, ಪ್ಯಾಕೆಟ್ ಮದ್ಯ ಸಿಗುತ್ತೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಪೂರ್ತಿ ನಿಷೇಧ ತರುತ್ತೇನೆ ಅಂತ ಒಬ್ಬ ಎಂಎಲ್ಎ ಹೇಳಿದರೆ ಯಾರೂ ನಂಬುವುದಿಲ್ಲ. ಲೈಸೆನ್ಸ್ ಇಲ್ಲದ ಅಂಗಡಿಯ ಮಾರಾಟವನ್ನು ಪ್ರತಿ ಕೆಡಿಪಿ ಸಭೆಯಲ್ಲಿ (ಇಲಾಖೆಗಳ ಕೆಲಸ ಪರಿಶೀಲಿಸುವ ಸಭೆ) ಎತ್ತುತ್ತೇನೆ, ಅಬಕಾರಿಯವರನ್ನು ಎಲ್ಲರ ಮುಂದೆ ಲೆಕ್ಕ ಕೇಳುತ್ತೇನೆ ಅಂತ ಹೇಳಿ. ಅದು ಆಗುವ ಕೆಲಸ. ಅಂಗಡಿ ನಡೆಸುವವನ ಮನೆಯ ವೋಟು ಹೋಗುತ್ತೆ, ಹೋಗಲಿ.

ನೀರು, ಶಾಲೆಗೆ ಜಾಸ್ತಿ ಹೇಳುವುದಿಲ್ಲ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಕ್ಷೇತ್ರದಲ್ಲಿ 200 ಹಳ್ಳಿ ಇದ್ದರೆ ಹಳ್ಳಿಗೆ 1 ಲಕ್ಷ. ಈ ಲೆಕ್ಕ ಜನರ ಮುಂದೆ ಇಟ್ಟು ಮಾತಾಡಿ. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಬರಬೇಕು. ಪೈಪು ಹಾಕಿದ ಊರಿನಲ್ಲಿ ನೀರು ಬರುತ್ತಿದೆಯಾ ಅಂತ ನಲ್ಲಿ ತಿರುಗಿಸಿ ನೋಡಿ, ಆಮೇಲೆ ಭರವಸೆ ಕೊಡಿ.

ಮುಂದಿನ ಚುನಾವಣೆ 2028ರಲ್ಲಿ, ಸಮಯ ಇದೆ. ಬ್ಯಾನರ್‌ಗೆ ಮುಂಚೆ ಮಾಹಿತಿ ಹಕ್ಕಿನಲ್ಲಿ ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಹಾಕಿ. ಹೋಬಳಿವಾರು ಫಾರಂ 57 ಎಷ್ಟು ಬಾಕಿ, ಎಷ್ಟು ವಜಾ, ಯಾವ ಕಾರಣಕ್ಕೆ, ಗೋಮಾಳದ ಸರ್ವೆ ನಂಬರುಗಳು ಯಾವುವು ಅಂತ ಕೇಳಿ. ಪಶುಪಾಲನಾ ಇಲಾಖೆಯಿಂದ ಜಾನುವಾರು ಗಣತಿಯನ್ನು ಬೇರೆಯಾಗಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕಿ, ಸುಮ್ನೆ ಬಿಡಬೇಡಿ.