ಹಿರಿಯ ಶಾಸಕರನ್ನು ಬಿಟ್ಟು ಬೇರೆಯವರನ್ನು ಮಂತ್ರಿ ಮಾಡುವುದು ಯಾವ ಲೆಕ್ಕದ ಮೇಲೆ? ನಮ್ಮ ಉತ್ತರ ಕನ್ನಡದಲ್ಲೂ ಹೀಗೇ ಆಯಿತಲ್ಲ?

ಸಂವಿಧಾನದಲ್ಲಿ ಹಿರಿತನದ ಮಾತೇ ಇಲ್ಲ. ಮುಖ್ಯಮಂತ್ರಿ ಪಟ್ಟಿ ಕೊಡುತ್ತಾರೆ, ರಾಜ್ಯಪಾಲರು ನೇಮಿಸುತ್ತಾರೆ, ಅಷ್ಟೇ. ತಲೆನೋವಿರುವುದು ಆ ಪಟ್ಟಿ ಮಾಡುವುದರಲ್ಲಿ.

2003ರ 91ನೇ ತಿದ್ದುಪಡಿಯ ಪ್ರಕಾರ ಸಂಪುಟದ ಗಾತ್ರ ವಿಧಾನಸಭೆಯ ಶೇ. 15ರಷ್ಟೇ ಇರಬೇಕು. 224 ಸದಸ್ಯರ ನಮ್ಮ ಸಭೆಗೆ ಮುಖ್ಯಮಂತ್ರಿ ಸೇರಿ 34 ಕುರ್ಚಿ. ಜಿಲ್ಲೆಗಳೇ 31! ಇದರೊಳಗೆ ಜಾತಿ, ಪ್ರದೇಶ, ಬಣ ಎಲ್ಲ ಹೊಂದಬೇಕು, ಹೈಕಮಾಂಡ್ ಕೂಡ ಒಪ್ಪಬೇಕು. ಆರೇ ಕ್ಷೇತ್ರಗಳ ನಮ್ಮ ಜಿಲ್ಲೆ ಒಂದಕ್ಕಿಂತ ಜಾಸ್ತಿ ಕೇಳುವುದು ಕಷ್ಟವೇ.

2023ರಲ್ಲಿ ಹಳಿಯಾಳದ ಆರ್.ವಿ. ದೇಶಪಾಂಡೆ ಅಷ್ಟು ಹಿರಿಯರಾಗಿಯೂ ಹೊರಗುಳಿದರು. ಭಟ್ಕಳದ ಮಂಕಾಳ ವೈದ್ಯರಿಗೆ ಮೀನುಗಾರಿಕೆ, ಬಂದರು ಖಾತೆ ಬಂತು. ಉಡುಪಿಯಲ್ಲಿ ಕಾಂಗ್ರೆಸ್ ಒಂದೂ ಸೀಟು ಗೆದ್ದಿರಲಿಲ್ಲ, ಕರಾವಳಿಯ ಮುಖವೊಂದು ಬೇಕೇ ಬೇಕಿತ್ತು ಅಲ್ವಾ? ನನಗಂತೂ ಅದೇ ದೊಡ್ಡ ಕಾರಣ ಅನಿಸುತ್ತದೆ.

ಅಂದಹಾಗೆ, ಮಂತ್ರಿಯಾಗುವ ದಿನ ಶಾಸಕರಾಗಿರಲೇಬೇಕು ಎಂದೇನಿಲ್ಲ. ಆರು ತಿಂಗಳೊಳಗೆ ಯಾವುದಾದರೂ ಒಂದು ಸದನಕ್ಕೆ ಬಂದರಾಯಿತು. ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮೊದಲು ಮುಖ್ಯಮಂತ್ರಿಯಾಗಿ, ಆಮೇಲೆ ಕನಕಪುರದ ಉಪಚುನಾವಣೆ ಗೆದ್ದರು.